ಕತ್ತು ಹಿಡಿದ ಪಟ್ಟು

ಶೈಲಾಳಿಗೆ ಕುಸ್ತಿಯ ಹುಚ್ಚು ಹಿಡಿದು ಇನ್ನೂ ವರ್ಷ ತುಂಬಿರಲಿಲ್ಲ. ಜತ್ತದ ಬಸ್ ಸ್ಟ್ಯಾಂಡಿನ ಹಿಂದಿರುವ ಔಷಧಿ ಅಂಗಡಿಯಲ್ಲಿ ದಿನವಿಡೀ ನಿಂತು ಗುಳಿಗೆ ಕೊಡುವುದು, ಸಂಜೆಯಾದೊಡನೆ ನೇರವಾಗಿ ತಾಲೀಮಿನ ಗರಡಿಗೆ ಓಡುವುದು, ಇದು ಅವಳ ದಿನಚರಿ. ಅಲ್ಲಿ ಶಿವಶರಣ ವಸ್ತಾದರು ಹೆಣ್ಣುಮಕ್ಕಳಿಗೆಂದೇ ಒಂದು ತಾಸು ಮೀಸಲಿಟ್ಟು ಕುಸ್ತಿ ಕಲಿಸುತ್ತಿದ್ದರು. ಕಲಿತ ಪಟ್ಟನ್ನು ಮೊಬೈಲಿನಲ್ಲಿ ಹಿಡಿದು ಲೋಕಕ್ಕೆಲ್ಲ ತೋರಿಸುವುದು ಶೈಲಾಳ ಇನ್ನೊಂದು ಹುಚ್ಚು. ಮೊದಮೊದಲು ನೋಡುವವರು ಅವಳ ಗೆಳತಿಯರಷ್ಟೇ ಇದ್ದರು. ಈಗೀಗ ಸಾಂಗ್ಲಿ, ವಿಜಯಪುರದ ಕಡೆಯವರೂ ‘ಭಾರೀ ಅಕ್ಕಾ’ ಎಂದು ಬರೆಯುತ್ತಿದ್ದರು. ಯಾರಾದರೂ ಏನಾದರೂ ಕೇಳಿದರೆ ‘ನನಗೆ ಗೊತ್ತಿಲ್ಲ’ ಎನ್ನುವುದನ್ನು ಅವಳು ಮೆಲ್ಲಗೆ ಮರೆಯತೊಡಗಿದ್ದಳು.

ಒಂದು ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಅವಳ ಕಣ್ಣಿಗೆ ಒಂದು ವಿಡಿಯೊ ಬಿತ್ತು. ಯಾವುದೋ ಹಳ್ಳಿಯ ಮನೆಯ ಹಿತ್ತಲು. ನೆಲಕ್ಕೆ ಜೋಳದ ಒಣದಂಟಿನ ಕಣಿಕೆ ಹಾಸಿದ್ದರು. ಸೀರೆಯ ಕಚ್ಚೆ ಹಾಕಿದ ಇಬ್ಬರು ಹೆಂಗಸರು, ಒಬ್ಬಳು ತೆಳ್ಳಗೆ, ಇನ್ನೊಬ್ಬಳು ಮೈಕೈ ತುಂಬಿಕೊಂಡವಳು. ತೆಳ್ಳಗಿನವಳು ಇನ್ನೊಬ್ಬಳ ಕತ್ತಿಗೆ ತೋಳು ಸುತ್ತಿ, ತನ್ನ ಸೊಂಟದ ಮೇಲೆ ಎಳೆದುಕೊಂಡು, ಹೇಗೋ ಹೊರಳಿಸಿ ಕೆಡವಿದಳು. ಇಬ್ಬರೂ ಕಣಿಕೆಯಲ್ಲಿ ಬಿದ್ದು ಬಿದ್ದು ನಕ್ಕರು. ಕೆಳಗೆ ಹೀಗೆ ಬರೆದಿತ್ತು: ‘ಮೊಬೈಲ್ ನೋಡಿ ಕಲಿಯಾಕತ್ತೀವಿ. ತಪ್ಪಿದ್ರ ತಿದ್ರಿ.’

ಶೈಲಾಳ ಬೆರಳು ತಡೆಯಲಿಲ್ಲ. ‘ತಿದ್ದಾಕ ಏನ ಉಳದೈತ್ರಿ, ಎಲ್ಲಾ ತಪ್ಪ. ಇದು ಕುಸ್ತಿ ಅಲ್ಲ, ಹಗ್ಗ ಹರಕೊಂಡ ಓಡೋ ಎಮ್ಮಿ ಹಿಡಿಯೂದು’ ಎಂದು ಬರೆದು, ನಗುವ ಮುಖದ ಚಿತ್ರಗಳನ್ನು ಸಾಲಾಗಿ ಜೋಡಿಸಿದಳು. ಅಷ್ಟರಲ್ಲಿ ಯಾರೋ ಕೆಮ್ಮಿನ ಔಷಧಿ ಕೇಳಿಕೊಂಡು ಬಂದರು, ಮರೆತೂಬಿಟ್ಟಳು.

ಸಂಜೆ ನೋಡಿದರೆ ಅವಳ ಆ ಮಾತನ್ನು ಮೆಚ್ಚಿದವರ ಸಂತೆಯೇ ನೆರೆದಿತ್ತು. ಅವಳ ಯಾವ ಪಟ್ಟಿಗೂ ಅಷ್ಟು ಮೆಚ್ಚುಗೆ ಸಿಕ್ಕಿರಲಿಲ್ಲ. ಮರುದಿನ ಯಾರೋ ಆ ವಿಡಿಯೊವನ್ನು ಕದ್ದು, ಮೇಲೆ ಶೈಲಾಳ ಮಾತನ್ನೇ ದಪ್ಪಕ್ಷರದಲ್ಲಿ ಹಾಕಿ, ಹಿಂದೆ ಎಮ್ಮೆ ಕೂಗುವ ಸದ್ದು ಸೇರಿಸಿ ಬಿಟ್ಟಿದ್ದರು. ಅದು ಊರೂರು ತಿರುಗಿತು. ಮೂಲ ವಿಡಿಯೊ ಹುಡುಕಿದರೆ ಇರಲಿಲ್ಲ. ಹಾಕಿದವಳ ಖಾತೆಯೇ ಮಾಯವಾಗಿತ್ತು.

ಶೈಲಾಳಿಗೆ ಒಳಗೊಳಗೇ ಏನೋ ಚುಚ್ಚಿದಂತಾಯಿತು. ‘ತಿದ್ರಿ ಅಂತ ಆಕೀನ ಬರದಿದ್ಲಲ್ಲ’ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ತಾಲೀಮಿನಲ್ಲಿ ಹುಡುಗಿಯರೆಲ್ಲ ಗುಂಪುಗೂಡಿ ಅದನ್ನೇ ನೋಡಿ ನಗುತ್ತಿದ್ದರು. ವಸ್ತಾದರು ಬಂದು ಕೈಚಾಚಿದರು. “ಏನೈತೆವಾ ಅಂಥಾದ್ದು, ನಮಗೂ ತೋರಸ್ರಿ.”

ಅವರು ಎಮ್ಮೆಯ ಸದ್ದನ್ನು ಬಂದ್ ಮಾಡಿಸಿ, ಕನ್ನಡಕ ಏರಿಸಿ, ಮತ್ತೆ ಮತ್ತೆ ನೋಡಿದರು. ನಗಲಿಲ್ಲ.

“ಹೆಣ್ಮಗಳು ಕಾಲು ಚಲೋ ಊರ‍್ಯಾಳ. ಆದ್ರ ಕತ್ತ ಒಂದ ಹಿಡದಾಳ. ಕೆಳಗ ಬೀಳಾಕಿ ಕತ್ತ ಹೊಳ್ಳಿತಂದ್ರ ಜಲ್ಮ ಪೂರ್ತಿ ಗೋಳು.” ಆಮೇಲೆ ಶೈಲಾಳ ಕಡೆ ತಿರುಗಿ, “ಇದನ ನೀ ಬರದಿಯಂತಲ್ಲ. ಕತ್ತಿನ ಮಾತ ಬರದೀಯೇನು?” ಎಂದರು.

“ಇಲ್ರೀ, ವಸ್ತಾದರ.”

“ಹಂಗಾರ ಆಕಿ ಇನ್ನೂ ಕತ್ತ ಹಿಡೀತಾಳ.”

ಶೈಲಾ ತಲೆ ತಗ್ಗಿಸಿದಳು. ವಸ್ತಾದರು ದನಿ ಏರಿಸಲಿಲ್ಲ. “ನೀ ಮೊದಲನೇ ದಿನ ಇಲ್ಲಿ ಹೆಂಗ ಬಿದ್ದಿ, ಬಿದ್ದ ಮ್ಯಾಲ ಹೆಂಗ ಅತ್ತಿ, ನಾ ಯಾರ ಮುಂದರ ಹೇಳೀನೇನವಾ?” ಎಂದಷ್ಟೇ ಕೇಳಿ, ಉಳಿದವರಿಗೆ ಬೈಠಕ್ ಹೊಡೆಯಲು ಹೇಳಿ ಹೋದರು.

ಅಂದಿನಿಂದ ಶೈಲಾಳಿಗೆ ಅನ್ನ ರುಚಿಸಲಿಲ್ಲ. ಕಣ್ಣು ಮುಚ್ಚಿದರೆ ಆ ದಪ್ಪನೆಯ ಹೆಂಗಸಿನ ಕತ್ತೇ ಕಾಣುತ್ತಿತ್ತು. ಖಾತೆ ಇಲ್ಲ, ಊರು ಗೊತ್ತಿಲ್ಲ, ಹುಡುಕುವುದಾದರೂ ಎಲ್ಲಿ? ಕೊನೆಗೆ ಸುದ್ದಿ ಸಿಕ್ಕಿದ್ದು ಅಂಗಡಿಯಲ್ಲೇ. ತಿಕೋಂಡಿಯ ರೇವಪ್ಪ ಬಿಪಿ ಗುಳಿಗೆ ಒಯ್ಯಲು ಬಂದಿದ್ದ. ಪಕ್ಕದಲ್ಲಿ ನಿಂತವರ ಮೊಬೈಲಿನಲ್ಲಿ ಎಮ್ಮೆ ಕೂಗಿದ್ದೇ ತಡ, ಅವನ ಮುಖ ಕಹಿಯಾಯಿತು.

“ಸಾಕ ಮಾಡ್ರೆಪಾ. ಅವರು ನಮ್ಮ ಶಿದ್ರಾಯನ ಸೊಸ್ತೇರು. ಮಂಗಲ, ದುಂಡವ್ವ. ಕುರಿ ಕಾಯ್ಕೊಂಡ ಅವರ ಪಾಡಿಗೆ ಅವರು ಇದ್ರು. ಈಗ ನೋಡ್ರಿ, ಮಂಗಲ ಮೊಬೈಲ್ ಮಾವನ ಕೈಯಾಗ ಕೊಟ್ಟ ಕುಂತಾಳ. ಯಾರ ಜೋಡೀನೂ ಮಾತಿಲ್ಲ.”

ಶೈಲಾ ಆ ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡಳು. ರಜೆಯ ದಿನ ತಿಕೋಂಡಿಯ ಬಸ್ಸು ಹತ್ತಿದಳು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಳು. ಗುಡ್ಡದ ಮೇಲಿನ ಗಾಳಿಯಂತ್ರಗಳು ಹಿಂದೆ ಸರಿದಂತೆಲ್ಲ ಆ ಮಾತುಗಳೂ ಒಂದೊಂದಾಗಿ ಹಿಂದೆ ಸರಿದವು. ಊರ ಹೊರಗೆ ಇಳಿದು, ದಾರಿ ಕೇಳುತ್ತಾ ನಡೆದಳು.

ಶಿದ್ರಾಯನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಮುದುಕ ಬೇವಿನ ನೆರಳಲ್ಲಿ ಕೂತು ಉಣ್ಣೆ ನೂಲುತ್ತಿದ್ದ. “ಬರ್ರಿ, ಕುಂದ್ರಿ. ಯಾವೂರವಾ?” ಎಂದ. ಜತ್ತದಿಂದ ಬಂದೆ, ಕುಸ್ತಿ ಕಲಿಯುತ್ತೇನೆ ಎಂದು ಶೈಲಾ ಹೇಳುತ್ತಿದ್ದಂತೆಯೇ ಒಳಗೆ ಪಾತ್ರೆಯ ಸದ್ದು ನಿಂತಿತು. ಬಾಗಿಲಲ್ಲಿ ಆ ದಪ್ಪನೆಯ ಹೆಂಗಸು ಬಂದು ನಿಂತಳು, ಕೈ ಸೊಂಟದ ಮೇಲೆ.

“ಎಮ್ಮಿ ಅಂತ ಬರದಾಕಿ ನೀವೇನ್ರಿ?”

ಶೈಲಾ ಎದ್ದು ನಿಂತಳು. “ಹೌದ್ರಿ. ನಾನ.”

“ಆ ಎಮ್ಮಿ ನಾನ ನೋಡ್ರಿ” ಎಂದಳು ದುಂಡವ್ವ.

ಬರೆಯುವಾಗ ಶೈಲಾಳ ಲಕ್ಷ್ಯವೆಲ್ಲ ಎತ್ತಿ ಒಗೆದವಳ ಮೇಲಿತ್ತು. ಎಮ್ಮೆ ಎಂದದ್ದು ಕೆಳಗೆ ಬಿದ್ದವಳಿಗೆ ತಾಗುತ್ತದೆ, ಅವಳೂ ಆ ಮಾತನ್ನು ಓದುತ್ತಾಳೆ ಎಂಬುದು ಇಷ್ಟು ದಿನ ಒಮ್ಮೆಯೂ ಹೊಳೆದಿರಲಿಲ್ಲ. ಹುಡುಕಿಕೊಂಡು ಬರುವಾಗಲೂ ಮಂಗಲಳ ಕ್ಷಮೆ ಕೇಳಬೇಕೆಂದೇ ಬಂದಿದ್ದಳು.

“ನನ್ನ ಮೈ ಹಿಂಗೈತಂತ ನಾ ಮೊದಲ ಒಲ್ಲೆ ಅಂದಿದ್ನಿ” ಎಂದಳು ದುಂಡವ್ವ. ಸಿಟ್ಟಿನ ದನಿ ನಡುವೆಯೇ ಒಡೆಯಿತು. “ಯಾರೂ ನಗೂದಿಲ್ಲ ಬಾರ ಅಕ್ಕಾ ಅಂತ ಮಂಗಲಿ ಕೈ ಹಿಡದ ಕೇಳ್ಕೊಂಡ್ಳು. ಈಗ ಆಕಿ ನನ್ನ ಮಾರೀನ ನೋಡವಲ್ಲಳು. ನೀವು ಎಮ್ಮಿ ಅಂದದ್ದ ಒತ್ತಟ್ಟಿಗಿರಲಿ. ನನಗ ನನ್ನ ನೆಗೆಣ್ಣಿ ಮಾತ ಬಿಟ್ಟದ್ದ ತಡ್ಯಾಕ ಆಗವಲ್ದು.”

“ತಪ್ಪಾತ್ರಿ ಅಕ್ಕಾರ” ಎಂದಳು ಶೈಲಾ. ಬಸ್ಸಿನಲ್ಲಿ ಜೋಡಿಸಿಕೊಂಡದ್ದರಲ್ಲಿ ಉಳಿದದ್ದು ಅಷ್ಟೇ. ಕಣ್ಣು ತುಂಬಿಬಂತು. ದುಂಡವ್ವ ಒಳಗೆ ಹೋಗಿ ನೀರು ತಂದು ಕೊಟ್ಟಳು.

ಮಂಗಲ ಕುರಿ ಹೊಡೆದುಕೊಂಡು ಬಂದಾಗ ಬಿಸಿಲು ಇಳಿದಿತ್ತು. ಬಂದವಳು ಯಾರೆಂದು ತಿಳಿದಾಗ ಬೈಯಲಿಲ್ಲ, ಅಳಲೂ ಇಲ್ಲ. ಕುರಿಗಳನ್ನು ದಡ್ಡಿಗೆ ಕೂಡಿ, ಕೈಕಾಲು ತೊಳೆದು, ಎದುರು ಕೂತಳು.

“ನಮ್ಮ ಅಣ್ಣಂದಿರು ತಾಲೀಮಿಗೆ ಹೋಗ್ತಿದ್ರು. ನಾ ಅವರ ಅಂಗಿ ಅರಬಿ ಹಿಡಕೊಂಡ ಹೊರಗ ಕುಂದ್ರತಿದ್ನಿ. ಒಳಗ ಧಪ್ ಧಪ್ ಸಪ್ಪಳ ಕೇಳ್ತಿತ್ತು. ಅವಾಗಿಂದ ಆಸೆ ಇತ್ರಿ, ಅಷ್ಟ.” ಸೆರಗಿಗೆ ಅಂಟಿದ ಮುಳ್ಳು ಕೀಳುತ್ತಾ ಮುಂದುವರಿಸಿದಳು. “ನೀವು ಬರದದ್ದ ನಾ ಭಾಳ ಸಲ ಓದಿದ್ನಿ ಅಕ್ಕಾರ. ನಕ್ಕದ್ದಕ್ಕ ಅಲ್ಲ. ಎಲ್ಲಾ ತಪ್ಪ ಅಂದ್ರಿ. ಯಾವದು ತಪ್ಪ ಅಂತ ಹುಡುಕಿದ್ನಿ. ಅದರಾಗ ಸಿಗಲಿಲ್ಲ.”

ಶೈಲಾಳಿಗೆ ಇದಕ್ಕಿಂತ ಬೈಗುಳವೇ ಹಗುರಾಗುತ್ತಿತ್ತು.

“ಎಲ್ಲಾ ತಪ್ಪ ಇರಲಿಲ್ರಿ. ಕಾಲು ಊರಿದ್ದು ಚಲೋ ಇತ್ತಂತ, ನಮ್ಮ ವಸ್ತಾದರು ಅಂದ್ರು. ತಪ್ಪ ಒಂದ, ಆದ್ರ ದೊಡ್ಡದು. ಕತ್ತ ಒಂದ ಹಿಡೀಬಾರದು. ಕತ್ತಿನ ಜೋಡಿ ಆಕಿ ಒಂದು ತೋಳೂ ನಮ್ಮ ಕೈಯಾಗ ಬರಬೇಕು. ಅಂದ್ರ ಭಾರ ತೋಳಿನ ಮ್ಯಾಲ ಬೀಳ್ತೈತಿ, ಕತ್ತಿನ ಮ್ಯಾಲ ಅಲ್ಲ. ಬೀಳಾಕಿ ಗದ್ದ ಎದಿಗೆ ಹಚ್ಕೋಬೇಕು.” ಹೇಳಿ ಮುಗಿಸಿ, “ನನಗೂ ಇನ್ನೂ ವರ್ಷ ತುಂಬಿಲ್ರಿ ಕಲಿಯಾಕ ಹತ್ತಿ. ಇದಿಷ್ಟ ಪಕ್ಕಾ ಗೊತ್ತೈತಿ. ಉಳದದ್ದ ವಸ್ತಾದರನ್ನ ಕೇಳಿ ಹೇಳ್ತೀನಿ” ಎಂದಳು.

ಇಷ್ಟು ದಿನಗಳ ಮೇಲೆ ಮಂಗಲ ಮೊದಲ ಸಲ ದುಂಡವ್ವನ ಕಡೆ ನೋಡಿದಳು. ನೋಡಿದ್ದು ಅಕ್ಕನ ಕತ್ತನ್ನು. ಎದ್ದು ಹೋಗಿ ದುಂಡವ್ವನ ಕತ್ತಿನ ಹಿಂಭಾಗವನ್ನು ಅಂಗೈಯಿಂದ ಮೆಲ್ಲಗೆ ಒತ್ತಿ ನೋಡಿದಳು. “ನೋವೇನರ ಐತೇನ ಅಕ್ಕಾ? ಅವತ್ತಿಂದ?”

“ಕತ್ತ ಗಟ್ಟಿ ಐತಿ. ನೀ ಮಾತಾಡಲಿಲ್ಲಂತ ಇಲ್ಲಿ ನೋಯ್ತಿತ್ತು” ಎಂದು ದುಂಡವ್ವ ಎದೆ ತೋರಿಸಿದಳು. ಮಂಗಲ ಅವಳ ಹೆಗಲಿಗೆ ಹಣೆ ಒತ್ತಿ ನಿಂತುಬಿಟ್ಟಳು. ಶೈಲಾ ಬೇರೆ ಕಡೆ ನೋಡಿದಳು. ಶಿದ್ರಾಯನೂ ನೂಲಿನ ಎಳೆ ಕಡಿದದ್ದನ್ನು ಹುಡುಕುವವನಂತೆ ಬಗ್ಗಿದ.

ಆಮೇಲೆ ಹಿತ್ತಲಲ್ಲಿ ಮತ್ತೆ ಕಣಿಕೆ ಹಾಸಿದರು. ದುಂಡವ್ವನನ್ನು ಬೀಳಿಸಲು ಮಂಗಲಳಿಗೆ ಧೈರ್ಯ ಬರಲಿಲ್ಲ. “ನನ್ನ ಒಗೀರಿ” ಎಂದು ಶೈಲಾ ಮುಂದೆ ನಿಂತಳು. ಮೊದಲ ಸಲ ತೋಳು ಜಾರಿತು. ಎರಡನೆಯ ಸಲ ಕೈ ಕೂಡಿ ಬಂದಿತು, ಸೊಂಟ ತಿರುಗಿತು, ಶೈಲಾ ಗಾಳಿಯಲ್ಲಿ ಹೊರಳಿ ಧೊಪ್ಪನೆ ಕಣಿಕೆಯೊಳಗೆ ಬಿದ್ದಳು. ಧೂಳೆದ್ದು ಸೀನು ಬಂತು. ಒಂದರ ಹಿಂದೆ ಒಂದು ಸೀನುತ್ತಾ ಏಳಲಾರದೆ ಕೂತಳು.

“ಇದರ ವಿಡಿಯೊ ಹಿಡೀಬೇಕಿತ್ತು” ಎಂದಳು ದುಂಡವ್ವ. ಹೇಳಿದವಳೇ ಮೊದಲು ನಕ್ಕಳು. ಕತ್ತಲಾಗುವ ಮುಂಚೆ ಬಸ್ಸು ಹಿಡಿಯಬೇಕೆಂದರೂ ಕೇಳದೆ ಬಿಸಿ ರೊಟ್ಟಿ, ಗಟ್ಟಿ ಮೊಸರು, ಶೇಂಗಾ ಚಟ್ನಿ ಹಾಕಿ ಉಣ್ಣಿಸಿ ಕಳಿಸಿದರು.

ಜತ್ತಕ್ಕೆ ಬಂದ ಶೈಲಾ ವಿಡಿಯೊ ಕದ್ದು ಹಾಕಿದವರಿಗೆಲ್ಲ ಬೇರೆ ಬೇರೆಯಾಗಿ ಬರೆದಳು: ಆ ಮಾತು ನನ್ನದು, ಅದು ತಪ್ಪು, ದಯವಿಟ್ಟು ತೆಗೆಯಿರಿ. ಕೆಲವರು ತೆಗೆದರು. ಒಬ್ಬ ನಿನಗೇನು ತೊಂದರೆ ಎಂದು ಕೇಳಿದ. ಇನ್ನೊಬ್ಬ ಉತ್ತರವನ್ನೇ ಕೊಡಲಿಲ್ಲ. ಅವನ ಎಮ್ಮೆ ಈಗಲೂ ಎಲ್ಲೋ ಕೂಗುತ್ತಿರಬಹುದು. ತನ್ನ ಖಾತೆಯಲ್ಲಿ ಏನು ಬರೆಯಬೇಕೆಂದು ಮಂಗಲಳಿಗೆ ಫೋನ್ ಮಾಡಿ ಕೇಳಿದಳು. ಮಾವನಿಂದ ಮೊಬೈಲ್ ವಾಪಸು ಪಡೆದಿದ್ದ ಮಂಗಲ ಅಕ್ಕನೊಡನೆ ಗುಸುಗುಸು ಮಾಡಿ, “ನಮ್ಮ ಹೆಸರ ಬ್ಯಾಡ್ರಿ. ಅಕ್ಕನ ಮಾರೀನೂ ಬ್ಯಾಡ. ಕೈ ಹೆಂಗ ಹಾಕೂದು ಅಷ್ಟ ತೋರಸ್ರಿ” ಎಂದಳು.

ಹಾಗೆಯೇ ಮಾಡಿದಳು. ತಾಲೀಮಿನ ಗೆಳತಿಯನ್ನು ಕೇಳಿ, ಅವಳು ಹೂಂ ಎಂದ ಮೇಲೆ ಪಟ್ಟನ್ನು ನಿಧಾನವಾಗಿ ತೋರಿಸಿದಳು. ಕಲಿಸಿದವರು ಶಿವಶರಣ ವಸ್ತಾದರು, ನಾನಿನ್ನೂ ಹೊಸಬಳು, ಒಬ್ಬ ಹೆಣ್ಣುಮಗಳು ತಿದ್ದಿ ಎಂದಾಗ ತಿದ್ದದೆ ನಕ್ಕಿದ್ದೆ ಎಂದು ಕೆಳಗೆ ಬರೆದಳು. ಅದನ್ನು ಮೆಚ್ಚಿದವರು ಕಡಿಮೆ. ಶೈಲಾ ಎಣಿಸಲು ಹೋಗಲಿಲ್ಲ.

ಮುಂದಿನ ಸಂತೆಯ ದಿನ ಸಂಜೆ ತಾಲೀಮಿನ ಬಾಗಿಲಲ್ಲಿ ಮಂಗಲ ಬಂದು ನಿಂತಳು, ಹಿಂದೆ ದುಂಡವ್ವ. “ನಾ ಸುಮ್ನ ಜೋಡಿ ಬಂದೀನ್ರಿ, ಕುಂತ ನೋಡ್ತೀನಿ” ಎಂದಳು ದುಂಡವ್ವ. ಮೊಬೈಲ್ ಎತ್ತಿದ ಒಬ್ಬ ಹುಡುಗಿ, “ಹಿಡೀಲೇನ್ರಿ ಅಕ್ಕಾರ?” ಎಂದು ಕೇಳಿ, ದುಂಡವ್ವ ತಲೆಯಾಡಿಸಿ ಬೇಡವೆಂದಾಗ ಅದನ್ನು ಚೀಲದೊಳಗಿಟ್ಟಳು.

ಕುಂತು ನೋಡುವುದು ಹೆಚ್ಚು ಹೊತ್ತು ನಡೆಯಲಿಲ್ಲ. ವಸ್ತಾದರು, “ಬಾರವಾ, ನಿನ್ನಂಗ ನೆಲಾ ಹಿಡದ ನಿಲ್ಲಾಕ ಈ ಹುಡಿಗೇರಿಗೆ ಬರೂದಿಲ್ಲ” ಎಂದು ಕರೆದದ್ದೇ ತಡ, ಅವಳು ಸೆರಗು ಬಿಗಿದು ಅಖಾಡಕ್ಕೆ ಇಳಿದಳು. ಬಿದ್ದಳು, ಎದ್ದಳು, ಒಬ್ಬಳನ್ನು ಕೆಡವಿಯೂ ಕೆಡವಿದಳು. ಕೊನೆಯ ಬಸ್ಸಿನ ಹೊತ್ತಾಯಿತೆಂದು ಮಂಗಲ ಅವಸರ ಮಾಡಿದಾಗ ದುಂಡವ್ವನ ಕೂದಲು, ಬೆನ್ನು, ರವಿಕೆ ಎಲ್ಲ ಕೆಂಪು ಮಣ್ಣು. ಶೈಲಾ ನೀರಿನ ತಂಬಿಗೆ ಹಿಡಿದು ಬಂದರೆ ಅವಳು ಹಿಂದೆ ಸರಿದಳು.

“ಬ್ಯಾಡ್ರಿ, ತೊಳಿಬ್ಯಾಡ್ರಿ. ಮಾವಗ ತೋರಸಬೇಕು.”

ಬಸ್ಸಿನಲ್ಲಿ ಕಿಟಕಿಯ ಪಕ್ಕ, ಮಣ್ಣು ಉದುರದಂತೆ ಬೆನ್ನನ್ನು ಸೀಟಿಗೆ ತಾಗಿಸದೆ ನೆಟ್ಟಗೆ ಕೂತಿದ್ದಳು ದುಂಡವ್ವ. ಮಂಗಲ ಅವಳ ಕೈ ಹಿಡಿದುಕೊಂಡೇ ಇದ್ದಳು.