ಉಸಿರಪ್ಪನ ಕೈ

ನಡುಮನೆಯಲ್ಲಿ ಕುರ್ಚಿ ಸರಿಸುತ್ತಿದ್ದವರ ನಡುವೆ ನುಸುಳಿ ಪ್ರೊಫೆಸರು ಅಡುಗೆಮನೆಗೆ ಬಂದರು. ಹನ್ನೊಂದಕ್ಕೆ ಶವದ ಗಾಡಿ ಬರುತ್ತೆ. ಅಷ್ಟರೊಳಗೆ ತೀರಿಕೊಂಡ ಉಸಿರಪ್ಪನ ಹೆಂಡತಿಗೆ ಒಂದು ಮಾತು ಹೇಳಲೇಬೇಕಿತ್ತು, ಏಳು ವರ್ಷ ನುಂಗಿಕೊಂಡಿದ್ದ ಮಾತು. ಹೊರಗೆ ಲೇತ್ ಮೇಸ್ತ್ರಿ, "ಚಿನ್ನದಂಥ ಕೈ, ಕೊನೆಗೆ ನಡುಕ ಬಂತು ಪಾಪ" ಎಂದು ವರ್ಕ್‌ಶಾಪಿನವರ ಜೊತೆ ಮರುಗುತ್ತಿದ್ದ.

*

ಉಸಿರಪ್ಪ ಪ್ರೊಫೆಸರ ಲ್ಯಾಬಿನ ವರ್ಕ್‌ಶಾಪಿನಲ್ಲಿ ಸೀಸದ ತಗಡು ಮಾಡುತ್ತಿದ್ದ. ತಗಡು ಅಂದರೆ ಡಬ್ಬದ ಮುಚ್ಚಳದಂಥದ್ದಲ್ಲ, ಊದಿದರೆ ಹರಿಯುವಂಥದ್ದು. ಹತ್ತಿರ ಬಂದವರಿಗೆಲ್ಲ ಉಸಿರು ಬಿಡಬೇಡ್ರೋ ಎಂದು ಬೈಯುತ್ತಿದ್ದುದಕ್ಕೇ ಆ ಹೆಸರು.

ಪರಮಾಣುವಿನ ನಡುವಿನ ಬೀಜದಲ್ಲಿ ಪ್ರೋಟಾನುಗಳು ಎಲ್ಲಿವೆ ಅನ್ನೋದು ಬೇಗ ಗೊತ್ತಾಗುತ್ತೆ. ನ್ಯೂಟ್ರಾನು ಮಾತ್ರ ಗುಮ್ಮನಗುಸಕ. ತಗಡಿಗೆ ವೇಗದ ಕಣಗಳನ್ನು ಹೊಡೆದು, ಯಾವ ಕಡೆ ಎಷ್ಟು ಸಿಡಿದವು ಎಂದು ಎಣಿಸಿಯೇ ನ್ಯೂಟ್ರಾನುಗಳು ಅಂಚಿನಲ್ಲಿ ಎಷ್ಟು ದೂರ ಹರಡಿವೆ ಎಂದು ಲೆಕ್ಕ ಹಾಕಬೇಕು. ತಗಡಿನ ದಪ್ಪ ತಪ್ಪಿದರೆ ಎಲ್ಲ ನೀರಲ್ಲಿ ಹೋಮ.

ಒಂಬತ್ತು ವರ್ಷದ ಹಿಂದೆ ಲೆಕ್ಕ ತಪ್ಪಿತು. ತಗಡು ಒಂದೇ ಸಮ ಇಲ್ಲ, ಇವನ ಕೈ ನಡುಗಿದೆ ಎಂದು ಪ್ರೊಫೆಸರು ಎಲ್ಲರೆದುರು ಅಂದುಬಿಟ್ಟರು. ಉಸಿರಪ್ಪ ದಪ್ಪ ಅಳೆದ, ಮತ್ತೆ ಅಳೆದ, ಸರಿಯಾಗೇ ಇದೆ ಸಾರ್ ಅಂದ. ಕೇಳೋರ್ಯಾರು? ತಗಡಿನ ಕೆಲಸ ಬಿಡಿಸಿ ಅವನನ್ನು ಸಾಮಾನಿನ ಸ್ಟೋರಿಗೆ ಹಾಕಿದರು.

ಎರಡು ವರ್ಷ ಬಿಟ್ಟು ನಿಜ ಹೊರಬಿತ್ತು. ಕಣ ಎಣಿಸುವ ಡಿಟೆಕ್ಟರನ್ನು ಬಿಚ್ಚಿ ಒರೆಸಿ ವಾಪಸ್ ಕೂರಿಸುವಾಗ ಪ್ರೊಫೆಸರೇ ಹಳೇ ಗುರುತು ನಂಬಿ ಅರ್ಧ ಡಿಗ್ರಿ ಓರೆ ಕೂರಿಸಿದ್ದರು. ಲೆಕ್ಕ ಅಚ್ಚಾಗಿದ್ದ ವಿಜ್ಞಾನ ಪತ್ರಿಕೆಗೆ ಮೂರು ಸಾಲಿನ ತಿದ್ದುಪಡಿ ಹೋಯಿತು. ಸ್ಟೋರಿನ ಕಡೆ ಮಾತ್ರ ಅವರ ಕಾಲು ಏಳಲಿಲ್ಲ. ನಾಳೆ ಹೇಳಿದರಾಯಿತು ಅಂದುಕೊಂಡರು. ನಾಳೆ ಅನ್ನೋದು ಏಳು ವರ್ಷ ನಡೆಯಿತು.

*

ಎಲ್ಲ ಕೇಳಿ ಉಸಿರಪ್ಪನ ಹೆಂಡತಿ ಒಲೆ ಆರಿಸಿದಳು.

"ನಮ್ಮ ಮನೆಯವರು ನನ್ನ ಹತ್ರಾನೂ ಕೈ ನಡುಕ ಅಂತಲೇ ಅಂದಿದ್ರು. ಒಂಬತ್ತು ವರ್ಷ ಅವರ ಶರ್ಟಿನ ಗುಂಡಿ ನಾನೇ ಹಾಕಿದೀನಿ. ಒಂದು ದಿನಾನೂ ಬೇಡ, ನನ್ನ ಕೈ ಸರಿಯಾಗೇ ಇದೆ ಅನ್ನಲಿಲ್ಲ."

ಪ್ರೊಫೆಸರು ಅತ್ತೇಬಿಟ್ಟರು. ಕ್ಷಮಿಸಿಬಿಡಮ್ಮ ಅಂದರು.

"ನನಗೆ ಹೇಳಿ ಏನು ಬಂತು ಸಾರ್? ತಗಡು, ಡಿಗ್ರಿ ನನಗೆಲ್ಲಿ ತಿಳಿಯುತ್ತೆ. ತಿಳಿಯೋರು ಹೊರಗೆ ಕೂತಿದಾರೆ. ಗಾಡಿ ಬರೋ ಮುಂಚೆ ಅಲ್ಲಿ ಹೇಳಿ."

ಹೇಳಿದರು. ಶವದ ತಲೆಯ ಹತ್ತಿರ ನಿಂತು, ಡಿಟೆಕ್ಟರು, ಹಳೇ ಗುರುತು, ಅರ್ಧ ಡಿಗ್ರಿ, ಒಂದೂ ಬಿಡದೆ ಹೇಳಿದರು.

ಲೇತ್ ಮೇಸ್ತ್ರಿ ಎದ್ದ. ಕತ್ತಿನವರೆಗೆ ಹೊದಿಸಿದ್ದ ಬಿಳಿ ಬಟ್ಟೆಯೊಳಗೆ ಕೈ ಹಾಕಿ, ಉಸಿರಪ್ಪನ ಬಲಗೈಯನ್ನು ಮೆಲ್ಲಗೆ ಹೊರಗೆಳೆದು ಎಲ್ಲರಿಗೂ ಕಾಣುವ ಹಾಗೆ ಎದೆಯ ಮೇಲಿಟ್ಟ. ಬೀದಿಯಲ್ಲಿ ಗಾಡಿ ಹಾರ್ನ್ ಹೊಡೆಯಿತು. ವರ್ಕ್‌ಶಾಪಿನವರು ಸಾಲಾಗಿ ನಿಂತು, ಒಬ್ಬೊಬ್ಬರಾಗಿ ಬಗ್ಗಿ ಆ ಕೈ ಮುಟ್ಟುತ್ತಿದ್ದರು.