ಶೈಲಾಳಿಗೆ ಸಿಗಬೇಕಾದ ಸೀಟು

ಡಾಕ್ಟರ್ ಅಫ್ರೀನ ಗದಗದ ಆಸ್ಪತ್ರೆಯ ಹೆರಿಗೆ ವಾರ್ಡಿಗೆ ಸೇರಿ ಎರಡನೆಯ ವರ್ಷ. ಕೈಗುಣ ಚೆನ್ನಾಗಿದೆಯೆಂದು ಲಕ್ಕುಂಡಿ, ಹುಲಕೋಟಿ ಕಡೆಯ ಬಸುರಿಯರು ಅವಳನ್ನೇ ಕೇಳಿಕೊಂಡು ಬರುತ್ತಿದ್ದರು. ಯಾರಾದರೂ ಹೊಗಳಿದರೆ ಅವಳ ತಲೆ ತಾನಾಗಿ ತಗ್ಗುತ್ತಿತ್ತು. ಅಲ್ಲಿ ಅವಳು ಓದುತ್ತಿದ್ದ ಪಿಜಿ ಸೀಟು ಗೆಳತಿ ಶೈಲಾಳಿಗೆ ಸಿಗಬೇಕಾದದ್ದು.

ಇಬ್ಬರೂ ಮುಂಡರಗಿಯವರು, ಒಂದೇ ಹಾಸ್ಟೆಲ್ಲಿನಲ್ಲಿದ್ದು ಎಂಬಿಬಿಎಸ್ ಮುಗಿಸಿದವರು. ಇಬ್ಬರಿಗೂ ಹೆರಿಗೆ ಡಾಕ್ಟರಾಗುವ ಆಸೆ. ಪಿಜಿ ಪರೀಕ್ಷೆಯಲ್ಲಿ ಶೈಲಾ ತುಸು ಮುಂದೆ, ಅಫ್ರೀನ ಅವಳ ಹಿಂದೆ. ಅವರ ರ‍್ಯಾಂಕಿಗೆ ಎಟುಕುವ ಹೆರಿಗೆ ವಿಭಾಗದ ಸೀಟು ಒಂದೇ ಇತ್ತು, ಗದಗದ ಆಸ್ಪತ್ರೆಯಲ್ಲಿ; ಅದೂ ಕಾಲೇಜಿನ ಎಂಎಸ್ ಅಲ್ಲ, ಆಸ್ಪತ್ರೆಯಲ್ಲಿದ್ದು ಓದುವ ಡಿಎನ್‌ಬಿ. ಬೇಕಾದ ಸೀಟುಗಳ ಪಟ್ಟಿ ತುಂಬುವ ಕೊನೆಯ ದಿನ ಶೈಲಾ ಫೋನು ಮಾಡಿ, ಡಿಎನ್‌ಬಿ ಎಂದರೆ ಎಂಡಿ, ಎಂಎಸ್‌ಗೆ ಸಮವೇ ಎಂದು ಕೇಳಿದಳು. ಅಫ್ರೀನಳ ದೊಡ್ಡಪ್ಪನ ಮಗ ತೌಹೀದ ಅದನ್ನೇ ಓದಿದ್ದ. ಸಮವೆಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಬ್ಯಾಡ ಬಿಡು," ಎಂದಿದ್ದಳು ಅಫ್ರೀನ. "ಅದಕ್ಕ ಕಿಮ್ಮತ್ತಿಲ್ಲ. ಮುಂದ ಕಾಲೇಜಿನಾಗ ನೌಕರಿ ಕೊಡಂಗಿಲ್ಲ."

ಶೈಲಾ ನಂಬಿದಳು. ಸಮುದಾಯ ಆರೋಗ್ಯದ ಎಂಡಿ ಸೇರಿ, ಹೆರಿಗೆ ಮಾಡಿಸುವುದು ಬಿಟ್ಟು ಹಳ್ಳಿ ಹಳ್ಳಿ ಸಮೀಕ್ಷೆಗೆ ತಿರುಗತೊಡಗಿದಳು. ಗದಗದ ಸೀಟು ಅಫ್ರೀನಳ ಪಾಲಾಯಿತು.

ಈ ವರ್ಷ ಪಿಜಿ ಸೀಟು ಆರಿಸುವುದು ಶೈಲಾಳ ತಂಗಿ ಮಮತಾಳ ಸರದಿ. ಈಗ ನೀನೇ ಡಿಎನ್‌ಬಿ ಓದುತ್ತಿದ್ದೀಯ, ಬಂದು ಅವಳಿಗೆ ತಿಳಿಸಿ ಹೇಳು ಎಂದು ಶೈಲಾ ಕರೆದಳು. ರವಿವಾರ ಅಫ್ರೀನ ಮುಂಡರಗಿಯ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋದವಳಿಗೆ ಬಾಗಿಲು ತೆರೆದ ಶೈಲಾಳ ಎದುರು ಒಂದೂ ನೆನಪಾಗಲಿಲ್ಲ.

"ಶೈಲಾ, ಅವತ್ತ ನಾ ನಿನಗ ಸುಳ್ಳ ಹೇಳಿದ್ನಿ. ಎರಡೂ ಸಮ ಅಂತ ಗೊತ್ತಿತ್ತು. ಸೀಟ ನನಗ ಬೇಕಾಗಿತ್ತು."

ಶೈಲಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಸಮ ಅಂತ ನನಗ ಒಂದ ತಿಂಗಳದಾಗ ಗೊತ್ತಾತು," ಎಂದಳು. "ನಿನಗೂ ಗೊತ್ತಿದ್ದಿಲ್ಲ, ಬ್ಯಾರೆ ಸಿಗಲಾರದ್ದಕ್ಕ ಅದನ್ನ ತಗೊಂಡಿ ಅಂತ ತಿಳಕೊಂಡಿದ್ನಿ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅಫ್ರೀನ ಹಿಂದಕ್ಕೆ ಹೆಜ್ಜೆ ಇಟ್ಟಳು.

"ಒಳಗ ಬಾ," ಎಂದಳು ಶೈಲಾ. "ಮಮತಾಗರ ಖರೆ ಹೇಳು."

ಮಮತಾ ಬರೆದುಕೊಳ್ಳಲು ವಹಿ ತೆರೆದು ಕುಳಿತಿದ್ದಳು. ಅಫ್ರೀನ ಒಂದೊಂದಾಗಿ ಹೇಳಿದಳು. ಎಂಡಿ, ಎಂಎಸ್ ಮೂರು ವರ್ಷ, ಮೆಡಿಕಲ್ ಕಾಲೇಜಿನಲ್ಲಿ. ಡಿಎನ್‌ಬಿಯೂ ಮೂರೇ, ಹೆಚ್ಚಾಗಿ ದೊಡ್ಡ ಆಸ್ಪತ್ರೆಗಳಲ್ಲಿ. ಪರೀಕ್ಷೆ ಬಿಗಿ, ಕಿಮ್ಮತ್ತು ಮಾತ್ರ ಅವುಗಳಷ್ಟೇ. ಡಿಪ್ಲೊಮಾ ಎರಡು ವರ್ಷ, ಬೇಕಾದರೆ ಅದರ ಮೇಲೆ ಮತ್ತೆರಡು ವರ್ಷ ಓದಿ ಡಿಎನ್‌ಬಿ ಪಡೆಯಬಹುದು. ಎಲ್ಲಕ್ಕಿಂತ ಮೊದಲು, ಸೇರುವ ಕಡೆ ಹಿರಿಯ ಡಾಕ್ಟರರು ಕೈಹಿಡಿದು ಕಲಿಸುತ್ತಾರೋ ಇಲ್ಲವೋ ವಿಚಾರಿಸಬೇಕು.

ಮಮತಾ ಬರೆಯುವುದು ನಿಲ್ಲಿಸಿದಳು. "ಹಂಗಾರ ನಮ್ಮ ಅಕ್ಕಗ ಯಾಕ ಬ್ಯಾಡ ಅಂದ್ರಿ?"

ಅಫ್ರೀನ ಶೈಲಾಳ ಕಡೆ ನೋಡಿದಳು.

"ನನ್ನ ಸ್ವಾರ್ಥಕ್ಕವಾ," ಎಂದಳು ಅಫ್ರೀನ. ಎರಡನೆಯ ಸಲ ಹೇಳುವುದು ಮೊದಲಿನದಕ್ಕಿಂತ ಕಷ್ಟವಾಯಿತು.

ಮಮತಾ ಮತ್ತೆ ಪೆನ್ನು ಹಿಡಿದಳು. ಪಟ್ಟಿಯಲ್ಲಿ ಗದಗದ ಡಿಎನ್‌ಬಿಯನ್ನೇ ಮೊದಲು ಬರೆದಳು. ಶೈಲಾ ಅದನ್ನು ಎರಡು ಸಲ ಓದಿ, ಸರಿಯಿದೆ ಎಂದು ತಲೆಯಾಡಿಸಿದಳು.

ಹೊರಡುವಾಗ ಅಫ್ರೀನ, "ಬರತೀನಿ" ಎಂದಳು. ಹೋಗಿ ಬಾ ಎನ್ನುವುದು ಆ ಮನೆಯ ರೂಢಿ. ಶೈಲಾ "ಆತು" ಎಂದಷ್ಟೇ ಹೇಳಿ ಒಳಗೆ ಹೋದಳು. ಹೇಳಿಬಿಟ್ಟರೆ ಹಗುರಾದೀತೆಂದು ಬಂದಿದ್ದ ಅಫ್ರೀನ ಬಂದದ್ದಕ್ಕಿಂತ ಭಾರವಾಗಿ ಬಸ್‌ಸ್ಟ್ಯಾಂಡಿನ ದಾರಿ ಹಿಡಿದಳು.