ತಟ್ಟೆಯಲ್ಲಿದ್ದ ದೊಡ್ಡ ಮೀನು

ಅವರು ಯಾವ ಕುರ್ಚಿಯಲ್ಲೂ ನೇರವಾಗಿ ಕೂತವರಲ್ಲ. ಮೊದಲು ಅದರ ಬೆನ್ನು ಹಿಡಿದು ಅಲುಗಾಡಿಸಿ, ಬಗ್ಗಿ ಕಾಲುಗಳನ್ನು ಪರಿಶೀಲಿಸಿ, ಆಮೇಲೆ ಅಂಚಿನಲ್ಲಿ ಕೂರುತ್ತಿದ್ದರು. ಸ್ವಂತ ಮನೆಯ ಕುರ್ಚಿಗೂ ಇದರಿಂದ ವಿನಾಯಿತಿ ಇರಲಿಲ್ಲ. ಒಣಗಿದ ನೆಲದ ಮೇಲೂ ಜಾರೀತೆಂಬಂತೆ ಹೆಜ್ಜೆಯಿಡುವರು. ಅಣುಸ್ಥಾವರದ ಅಪಘಾತವಾದ ಮೇಲೆ ಸರೋವರದ ಮೀನುಗಳನ್ನು ಪರೀಕ್ಷಿಸುವ ಪ್ರಯೋಗಾಲಯಕ್ಕೆ ಅವರನ್ನೇ ಮುಖ್ಯಸ್ಥರನ್ನಾಗಿ ನೇಮಿಸಿದಾಗ, ಆ ಸ್ವಭಾವಕ್ಕೆ ಕೊನೆಗೂ ತಕ್ಕ ಉದ್ಯೋಗ ಸಿಕ್ಕಿತೆಂದು ಬಂಧುಗಳು ನಕ್ಕರು. ಮೀನುಗಾರರು ಮಾತ್ರ ನಗದೆ ‘ಅನುಮಾನದ ಡಾಕ್ಟರು’ ಎಂದು ಹೆಸರಿಟ್ಟರು.

ಬಿಳಿಯ ಕೋಟಿನ ಜೇಬುಗಳನ್ನೆಲ್ಲ ಹೆಂಡತಿಯಿಂದ ಹೊಲಿಸಿ ಮುಚ್ಚಿಸಿದ್ದರು: ಜೇಬಿದ್ದರೆ ಧೂಳು ಸೇರುತ್ತದೆ, ಧೂಳು ಅಳತೆಯನ್ನು ಕೆಡಿಸುತ್ತದೆ. ಮೀನನ್ನು ಅರೆದು, ಅದರ ವಿಕಿರಣ ಅಳೆದು, ಪಾತ್ರೆ ತೊಳೆದು, ಆ ಬರಿಯ ಪಾತ್ರೆಯನ್ನೂ ಅಳೆದು ನೋಡುವರು. ಮಳೆ ಬರುತ್ತಿದೆ ಎಂದು ಯಾರಾದರೂ ಹೇಳಿದರೆ “ಇರಬಹುದು” ಎನ್ನುತ್ತ ಕಿಟಕಿಯತ್ತ ನಡೆಯುವರು.

ಅಪಘಾತದಿಂದ ನಿಂತುಹೋಗಿದ್ದ ಮೀನುಗಾರಿಕೆ ಮತ್ತೆ ಆರಂಭವಾಗಬೇಕಾದರೆ ಅವರ ಒಪ್ಪಿಗೆ ಬೇಕಿತ್ತು. ಮೀನುಗಾರರ ಸಂಘದ ಮುಖಂಡನೋ, ಅವರ ಹೆಂಡತಿಯ ಒಡಹುಟ್ಟಿದ ತಮ್ಮ. ಪರೀಕ್ಷೆಗೆಂದಷ್ಟೇ ಬಲೆ ಬೀಸಲು ಸಂಘಕ್ಕೆ ಅನುಮತಿಯಿತ್ತು. ಅವನು ತಂದುಕೊಟ್ಟ ಮೀನುಗಳೆಲ್ಲ ವಿಕಿರಣದ ಮಿತಿಯೊಳಗೇ ಇದ್ದವು. ಭಾವನಿಗೆ ಸಮಾಧಾನವಾಗಲಿಲ್ಲ. ಹುರುಪೆಗಳನ್ನು ಮಸೂರದಡಿ ಇಟ್ಟು, ಮರದ ಕಾಂಡದಲ್ಲಿರುವಂಥ ಬಳೆಯಾಕಾರದ ಗೆರೆಗಳಿಂದ ಮೀನುಗಳ ವಯಸ್ಸು ಲೆಕ್ಕ ಹಾಕಿದರು. ಎಲ್ಲವೂ ಎಳೆಯವು. ವಿಕಿರಣ ಸೂಸುವ ಸೀಸಿಯಂ ಹೆಚ್ಚು ಸೇರುವುದೋ, ಸಣ್ಣ ಮೀನುಗಳನ್ನು ತಿಂದು ಬಲಿತ ದೊಡ್ಡವುಗಳ ಮಾಂಸದಲ್ಲಿ.

“ನಿಮ್ಮ ಸರೋವರದಲ್ಲಿ ಮುದುಕರೇ ಇಲ್ವೇನಯ್ಯಾ?”

“ಮುದಿ ಮೀನು ಸುಲಭಕ್ಕೆ ಬಲೆಗೆ ಬೀಳಲ್ಲ ಭಾವ. ಅದಕ್ಕೂ ನಿಮ್ಮ ಹಾಗೇ ಎಲ್ಲದರ ಮೇಲೂ ಅನುಮಾನ.”

“ಇರಬಹುದು.”

ಆ ಭಾನುವಾರ ಮಧ್ಯಾಹ್ನ ಊಟಕ್ಕೆ ಹುರಿದ ಮೀನಿತ್ತು. ತಮ್ಮ ಕಳಿಸಿದ್ದೆಂದು ಹೆಂಡತಿ ಹಿಗ್ಗಿನಿಂದ ಬಡಿಸಿ, ತಾವೂ ಕೂತು ಉಂಡರು. ಡಾಕ್ಟರ ತಟ್ಟೆಯಲ್ಲಿದ್ದ ತುಂಡಿನ ನಡುಮೂಳೆ ಹೆಬ್ಬೆರಳಿನಷ್ಟು ದಪ್ಪವಿತ್ತು. ಅವರು ಏನೂ ಹೇಳದೆ ತುಂಡನ್ನು ಬದಿಗೆ ಸರಿಸಿದರು. ಹೆಂಡತಿ ಇನ್ನೊಂದು ತುಂಡು ಹಾಕಿಕೊಳ್ಳುವುದನ್ನೂ ನೋಡುತ್ತ ಕೂತಿದ್ದು, ಆಮೇಲೆ ತಾವು ಬದಿಗಿಟ್ಟ ತುಂಡನ್ನು ಡಬ್ಬಿಗೆ ಹಾಕಿಕೊಂಡು ಪ್ರಯೋಗಾಲಯಕ್ಕೆ ಹೊರಟರು. ಹುರಿಯುವಾಗ ಇಂಗಿದ ನೀರಿಗೆಂದು ರಿಯಾಯಿತಿ ಕೊಟ್ಟು ಲೆಕ್ಕ ಹಾಕಿದರೂ, ಬಂದ ಅಳತೆ ಮಿತಿಯ ಎರಡರಷ್ಟಿತ್ತು.

ಭಾಮೈದನನ್ನು ಕರೆಸಿದರು. “ದೊಡ್ಡದನ್ನ ಮುಚ್ಚಿಟ್ಟು ನನಗೆ ಮರಿ ತೋರಿಸ್ತಿದ್ದೆ, ಅಲ್ವಾ?”

“ಮುಚ್ಚಿಡೋದೇನು ಬಂತು ಭಾವ? ಅಂಥಾ ಮೀನನ್ನ ನಿಮ್ಮ ಯಂತ್ರಕ್ಕೆ ಅರೆಯೋಕೆ ಯಾರಾದ್ರೂ ಕೊಡ್ತಾರಾ? ಅಕ್ಕನಿಗೆ ಅಂತ ಎತ್ತಿಟ್ಟಿದ್ದು ಅದು. ವಿಷ ಅಂತ ಗೊತ್ತಿದ್ರೆ ನಮ್ಮಕ್ಕನ ಬಾಯಿಗೆ ಹಾಕ್ತಿದ್ನಾ?”

ಅವನಲ್ಲಿ ಮೋಸವಿರಲಿಲ್ಲ. ಒಳ್ಳೆಯದು ಮನೆಗೆ, ಚಿಲ್ಲರೆ ಸರ್ಕಾರಕ್ಕೆ; ಮೀನುಗಾರರ ವಾಡಿಕೆಯೇ ಹಾಗಿತ್ತು. ನಿಷೇಧ ಮುಂದುವರಿಯಿತು. ದಡದಲ್ಲಿ ದೋಣಿಗಳು ಬೋರಲು ಬಿದ್ದವು.

ಆದರೆ ಆ ಸಂಜೆ ಹೆಂಡತಿ ಕೇಳಿದ್ದು ತಮ್ಮನ ಕಸುಬಿನ ಬಗ್ಗೆ ಅಲ್ಲ.

“ಮೂಳೆ ನೋಡಿದಾಗಲೇ ನಿಮಗೆ ಅನುಮಾನ ಬಂತಲ್ವಾ?”

“ಬಂತು.”

“ನಾನು ಎದುರಿಗೇ ತಿಂತಾ ಇದ್ದೆ.”

“ಒಂದು ಊಟದಿಂದ ಏನೂ ಆಗಲ್ಲ. ಲೆಕ್ಕ ಹಾಕಿದೀನಿ.”

“ಯಾವಾಗ ಹಾಕಿದ್ರಿ? ನಾನು ತಿನ್ನೋಕೆ ಮುಂಚೆನಾ, ಆಮೇಲಾ?”

ಸುಳ್ಳು ಹೇಳಿ ಅವರಿಗೆ ಅಭ್ಯಾಸವಿರಲಿಲ್ಲ. “ಆಮೇಲೆ,” ಎಂದರು.

ಈ ಜಾತಿಯ ಇನ್ನೂ ಕೆಲವರನ್ನು ನಾನು ಬಲ್ಲೆ. ಇವರಿಲ್ಲದಿದ್ದರೆ ಲೋಕ ತನಗೆ ಹಿತವಾದುದನ್ನೇ ನಿಜವೆಂದು ನಂಬಿ ನೆಮ್ಮದಿಯಾಗಿ ಹಾಳಾಗುತ್ತದೆ. ಆ ಮಟ್ಟಿಗೆ ನಾವೆಲ್ಲ ಇವರಿಗೆ ಋಣಿಗಳು. ಆದರೆ ಪುರಾವೆ ಸಿಗುವ ತನಕ ತುಟಿ ಬಿಚ್ಚದಿರುವುದೇ ಪ್ರಾಮಾಣಿಕತೆ ಎಂದು ಇವರು ತಿಳಿದಿರುತ್ತಾರೆ. ಅಲ್ಲಿಯವರೆಗೆ ಪಕ್ಕದಲ್ಲಿ ಕೂತವರು ಉಣ್ಣುತ್ತಲೇ ಇರುತ್ತಾರೆ.